ಎಂಟು ಮಿಲಿಮೀಟರಿನ ಊರು

ಅಪ್ಪನ ಮರದ ಪೆಟ್ಟಿಗೆಯಲ್ಲಿ ಎರಡು ಅಳತೆಪಟ್ಟಿಗಳಿದ್ದವು. ನೋಡಲು ಎರಡೂ ಒಂದೇ ಥರ. ಭದ್ರಾವತಿಯ ನ್ಯೂಟೌನಿನ ನಮ್ಮ ಕ್ವಾರ್ಟರ್ಸಿನಲ್ಲಿ ಒಂದು ಭಾನುವಾರ ನಾನೂ ತಮ್ಮನೂ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತು ಎತ್ತರ ಅಳೆದುಕೊಂಡೆವು. ನನ್ನ ಕೈಯಲ್ಲಿದ್ದ ಪಟ್ಟಿಯ ಪ್ರಕಾರ ನಾನು ನಾಲ್ಕಡಿ. ತಮ್ಮ ಇನ್ನೊಂದು ಪಟ್ಟಿ ಹಿಡಿದು ಅದೇ ಗುರುತನ್ನು ಅಳೆದರೆ ಮೂರಡಿ ಹನ್ನೊಂದು ಇಂಚು. ನಾನು ಮೋಸ ಮಾಡಿದೆನೆಂದು ಅವನು, ಅವನಿಗೆ ಅಳೆಯಲು ಬರುವುದಿಲ್ಲವೆಂದು ನಾನು. ಜಗಳ ಅಂಗಳಕ್ಕೆ ಬಂತು. ಅಪ್ಪ ಎರಡೂ ಪಟ್ಟಿಗಳನ್ನು ಇಸಿದುಕೊಂಡು ಒಂದರ ಪಕ್ಕ ಒಂದಿಟ್ಟರು. ಒಂದು ತುದಿ ಸರಿಯಾಗಿ ಕೂಡಿತು. ಇನ್ನೊಂದು ತುದಿಯಲ್ಲಿ ತಮ್ಮನ ಪಟ್ಟಿ ಕಾಲಿಂಚು ಮುಂದಕ್ಕೆ ಚಾಚಿತ್ತು.

"ಇಬ್ಬರೂ ಸರಿಯಾಗೇ ಅಳೆದಿದ್ದೀರಿ ಕಣಮ್ಮ," ಎಂದರು ಅಪ್ಪ. "ಆದ್ರೆ ಇದು ಮನುಷ್ಯರನ್ನ ಅಳೆಯೋ ಪಟ್ಟಿ ಅಲ್ಲ. ಉಕ್ಕನ್ನ ಅಳೆಯೋದು."

ಅಪ್ಪ ಕಬ್ಬಿಣದ ಕಾರ್ಖಾನೆಯ ಪ್ಯಾಟರ್ನ್ ಶಾಪಿನಲ್ಲಿದ್ದರು. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1918ರಲ್ಲಿ ಬೆಂಕಿಪುರದಲ್ಲಿ ಶುರುವಾಗಿ, 1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಕಾರ್ಖಾನೆ ಅದು. ಆ ಬೆಂಕಿಪುರವೇ ಇವತ್ತಿನ ಭದ್ರಾವತಿ. ಎರಕ ಹೊಯ್ಯುವ ಮೊದಲು ಬೇಕಾದ ಭಾಗವನ್ನು ಮರದಲ್ಲಿ ಕೆತ್ತಬೇಕು. ಆ ಮರದ ಅಚ್ಚನ್ನು ಮರಳಿನಲ್ಲಿ ಒತ್ತಿ ತೆಗೆದರೆ ಉಳಿಯುವ ಟೊಳ್ಳಿಗೆ ಕರಗಿದ ಲೋಹ ಸುರಿಯುತ್ತಾರೆ. ಆದರೆ ಲೋಹ ಆರುವಾಗ ಕುಗ್ಗುತ್ತದೆ. ಉಕ್ಕಾದರೆ ಅಡಿಗೆ ಸುಮಾರು ಕಾಲಿಂಚು, ಬೀಡುಕಬ್ಬಿಣವಾದರೆ ಅದರ ಅರ್ಧ. ಹಾಗಾಗಿ ಮರದ ಅಚ್ಚು ಮೊದಲೇ ಅಷ್ಟು ದೊಡ್ಡದಾಗಿರಬೇಕು. ಪ್ರತಿ ಸಲ ಲೆಕ್ಕ ಹಾಕುವ ಬದಲು, ಆ ಲೆಕ್ಕವನ್ನೇ ಮೈಯಲ್ಲಿ ತುಂಬಿಕೊಂಡ ಪಟ್ಟಿಯಿಂದ ಅಳೆಯುತ್ತಿದ್ದರು.

ಈಗ ನಾನು ಶಿವಮೊಗ್ಗದ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ವಿನೋಬನಗರದ ನಮ್ಮ ಮನೆಯಲ್ಲಿ ಒಂದು ಕೋಣೆಯ ತುಂಬ ಪ್ಲಾಸ್ಟಿಕ್ ಇಟ್ಟಿಗೆಗಳಿವೆ. ಮೇಜಿನ ಮೇಲೆ ನಾನು ಹುಟ್ಟಿ ಬೆಳೆದ ಭದ್ರಾವತಿಯ ಒಂದು ತುಣುಕು ಇದೆ: ಕ್ವಾರ್ಟರ್ಸಿನ ಮನೆ, ಹೊಳೆಯ ಮೇಲೊಂದು ಸೇತುವೆ, ಲಕ್ಷ್ಮೀನರಸಿಂಹ ದೇವಸ್ಥಾನ. ಎಲ್ಲವನ್ನೂ ಮಕ್ಕಳು ಲೆಗೊ ಎಂದೋ ಬ್ಲಾಕ್ಸ್ ಎಂದೋ ಕರೆಯುವ ಆಟದ ಇಟ್ಟಿಗೆಗಳಿಂದಲೇ ಕಟ್ಟಿದ್ದೇನೆ. ಈ ಹವ್ಯಾಸ ಏನು, ದೊಡ್ಡವರಿಗೂ ಇದರಲ್ಲಿ ಏನು ಸಿಗುತ್ತದೆ ಎಂದು ನೋಡಿದವರೆಲ್ಲ ಕೇಳುತ್ತಾರೆ. ಅವರಿಗೆಂದೇ ಈ ಬರಹ.

ಅಟ್ಟದ ಮೇಲಿನ ಡಬ್ಬ

2020ರ ಲಾಕ್‌ಡೌನಿನಲ್ಲಿ ಮಗ ಬೆಂಗಳೂರಿನಿಂದ ಮನೆಗೆ ಬಂದ. ಅವನು ಏಳು ವರ್ಷದವನಿದ್ದಾಗ ಕೊಡಿಸಿದ ಅಗ್ನಿಶಾಮಕ ಗಾಡಿಯ ಸೆಟ್, ಆಮೇಲೆ ಹುಟ್ಟುಹಬ್ಬಗಳಿಗೆ ಬಂದ ಇನ್ನೂ ನಾಲ್ಕೈದು ಸೆಟ್, ಎಲ್ಲ ಕಲಸಿಹೋಗಿ ಒಂದು ದೊಡ್ಡ ಬಿಸ್ಕತ್ತಿನ ಡಬ್ಬದಲ್ಲಿ ಅಟ್ಟ ಸೇರಿದ್ದವು. ಕೆಳಗಿಳಿಸಿ ನೆಲದ ಮೇಲೆ ಸುರಿದೆವು. ಬಣ್ಣದ ಪ್ರಕಾರ ಬೇರ್ಪಡಿಸುತ್ತ ಕೂತಿದ್ದಾಗ ಎರಡು ಇಟ್ಟಿಗೆಗಳನ್ನು ಸುಮ್ಮನೆ ಒತ್ತಿದೆ. ಟಿಕ್ ಎಂದು ಕೂತವು. ಎಳೆದೆ, ಬಿಟ್ಟುಕೊಂಡವು. ಮತ್ತೆ ಒತ್ತಿದೆ, ಅದೇ ಬಿಗಿ. ಹದಿನೈದು ವರ್ಷ ಹಳೆಯ ಇಟ್ಟಿಗೆ. ಬಿಸಿಲಿಗೆ, ಮಳೆಗಾಲದ ಶೀತಕ್ಕೆ ಅಟ್ಟದಲ್ಲಿ ಬಿದ್ದಿದ್ದದ್ದು. ಈ ಅಳತೆಯನ್ನು ಯಾರೋ ಬಹಳ ಜೋಪಾನವಾಗಿ ಕಾದಿದ್ದಾರೆ ಅನ್ನಿಸಿತು. ಅಪ್ಪನ ಎರಡನೇ ಪಟ್ಟಿ ನೆನಪಾಯಿತು.

ಪ್ಲಾಸ್ಟಿಕ್ ಕೂಡ ಉಕ್ಕಿನ ಹಾಗೇ ಆರುವಾಗ ಕುಗ್ಗುತ್ತದೆ. ಈ ಇಟ್ಟಿಗೆಗಳಿಗೆ ಬಳಸುವ ಎಬಿಎಸ್ ಎಂಬ ಪ್ಲಾಸ್ಟಿಕ್ ಶೇ. 1ಕ್ಕಿಂತ ಕಡಿಮೆ ಕುಗ್ಗುತ್ತದೆ. ಆ ಕುಗ್ಗುವಿಕೆಯನ್ನು ಮೊದಲೇ ಲೆಕ್ಕ ಹಿಡಿದು ಉಕ್ಕಿನ ಅಚ್ಚನ್ನು ಕೊರೆಯುತ್ತಾರೆ. ಅಪ್ಪ ಮರದಲ್ಲಿ ಮಾಡುತ್ತಿದ್ದ ಕೆಲಸವೇ ಇದು. ಇಲ್ಲಿ ತಪ್ಪಿಗೆ ಇರುವ ಜಾಗ ಮಾತ್ರ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ಕಡಿಮೆ.

ಬಡಗಿಯ ಮನೆಯಿಂದ ಬಂದದ್ದು

ಲೆಗೊ ಕಟ್ಟಿದವರೂ ಮರಗೆಲಸದವರೇ. ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಸಣ್ಣ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯನ್‌ಸೆನ್ ಮಂದಿಗೆ ಮನೆ, ಪೀಠೋಪಕರಣ ಮಾಡಿಕೊಡುತ್ತಿದ್ದವರು. ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸ ಸಿಗದೆ 1932ರಲ್ಲಿ ಮರದ ಆಟಿಕೆ ಮಾಡಲು ಹೊರಟರು. 'ಚೆನ್ನಾಗಿ ಆಡು' ಎಂಬ ಅರ್ಥದ ಎರಡು ಡೇನಿಶ್ ಪದಗಳನ್ನು ಕೂಡಿಸಿ ಲೆಗೊ ಎಂದು ಹೆಸರಿಟ್ಟರು. 1942ರಲ್ಲಿ ಕಾರ್ಖಾನೆ ಸುಟ್ಟುಹೋಯಿತು, ಮತ್ತೆ ಕಟ್ಟಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಪ್ಲಾಸ್ಟಿಕ್ ಕರಗಿಸಿ ಅಚ್ಚಿಗೆ ತುಂಬುವ ಯಂತ್ರ ಕೊಂಡರು. ಇಂಗ್ಲೆಂಡಿನ ಹಿಲರಿ ಪೇಜ್ ಎಂಬವರು ಅಷ್ಟರಲ್ಲಾಗಲೇ ಕಿಡ್ಡಿಕ್ರಾಫ್ಟ್ ಎಂಬ ಕಂಪನಿಯಿಂದ ಒಂದರ ಮೇಲೊಂದು ಕೂರುವ ಪ್ಲಾಸ್ಟಿಕ್ ಇಟ್ಟಿಗೆ ಹೊರತಂದಿದ್ದರು. ಅದನ್ನು ನೋಡಿ, ತಿದ್ದಿ, 1949ರಲ್ಲಿ ಬಿಲ್ಲುಂಡಿನವರು ತಮ್ಮ ಮೊದಲ ಇಟ್ಟಿಗೆಗಳನ್ನು ಮಾಡಿದರು.

ಆ ಮೊದಲ ಇಟ್ಟಿಗೆಗಳ ಒಳಗೆ ಏನೂ ಇರಲಿಲ್ಲ. ಮೇಲೆ ಉಬ್ಬುಗಳು, ಕೆಳಗೆ ಬರೀ ಟೊಳ್ಳು. ಗೋಡೆ ಎತ್ತರವಾದ ಹಾಗೆ ಜಾರುತ್ತಿತ್ತು. ಓಲೆ ಕಿರ್ಕ್ ಅವರ ಮಗ ಗಾಟ್‌ಫ್ರೆಡ್ ಮುಂದೆ ನಿಂತು, ಟೊಳ್ಳಿನ ನಡುವೆ ಕೊಳವೆಗಳನ್ನು ಇಡುವ ಉಪಾಯ ಮಾಡಿದರು. ಕೆಳಗಿನ ಇಟ್ಟಿಗೆಯ ಉಬ್ಬು ಮೇಲಿನ ಇಟ್ಟಿಗೆಯ ಗೋಡೆಗೂ ಕೊಳವೆಗೂ ನಡುವೆ ಸಿಕ್ಕಿಕೊಂಡು ಬಿಗಿಯಾಗಿ ಕೂರುತ್ತದೆ. ಇದಕ್ಕೆ ಪೇಟೆಂಟ್ ಕೋರಿ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಅದೇ ವರ್ಷ ಮಾರ್ಚಿನಲ್ಲಿ ಓಲೆ ಕಿರ್ಕ್ ತೀರಿಕೊಂಡರು. 1960ರಲ್ಲಿ ಮರದ ಆಟಿಕೆಗಳ ದಾಸ್ತಾನು ಬೆಂಕಿಗೆ ಆಹುತಿಯಾದ ಮೇಲೆ ಮಗ ಮರದ ಕೆಲಸವನ್ನೇ ನಿಲ್ಲಿಸಿ, ಪೂರ್ತಿ ಈ ಇಟ್ಟಿಗೆಯನ್ನು ನಂಬಿದರು.

1958ರಲ್ಲಿ ಗೊತ್ತುಮಾಡಿದ ಆ ಅಳತೆಯನ್ನು ಅವರು ಇವತ್ತಿಗೂ ಬದಲಿಸಿಲ್ಲ. ಆ ವರ್ಷದ ಇಟ್ಟಿಗೆ ಈ ವರ್ಷದ ಇಟ್ಟಿಗೆಯ ಮೇಲೆ ಕೂರುತ್ತದೆ. ನಮ್ಮ ಮನೆಗಳಲ್ಲಿ ಅಜ್ಜನ ಕಾಲದ ಯಾವ ಸಾಮಾನಿಗೆ ಇವತ್ತಿನ ಅಂಗಡಿಯ ಭಾಗ ಹೊಂದುತ್ತದೆ, ಹೇಳಿ?

ಅಳತೆಯ ವ್ಯಾಕರಣ

ಈ ಇಟ್ಟಿಗೆಗಳ ಲೆಕ್ಕ ಸರಳ. ಒಂದು ಉಬ್ಬಿನ ನಡುವಿನಿಂದ ಪಕ್ಕದ ಉಬ್ಬಿನ ನಡುವಿಗೆ 8 ಮಿಲಿಮೀಟರ್. ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್. ಪ್ಲೇಟ್ ಎಂದು ಕರೆಯುವ ತೆಳು ಬಿಲ್ಲೆಯ ಎತ್ತರ 3.2. ಅಂದರೆ ಮೂರು ಪ್ಲೇಟ್ ಸೇರಿದರೆ ಒಂದು ಇಟ್ಟಿಗೆ. ಇನ್ನೊಂದು ಹೊಂದಾಣಿಕೆಯೂ ಇದರೊಳಗೆ ಅಡಗಿದೆ. ಐದು ಪ್ಲೇಟ್ ಒಂದರ ಮೇಲೊಂದಿಟ್ಟರೆ 16 ಮಿಲಿಮೀಟರ್. ಎರಡು ಉಬ್ಬಿನ ಅಗಲವೂ 16 ಮಿಲಿಮೀಟರ್. ಆದ್ದರಿಂದ ಇಟ್ಟಿಗೆಗಳನ್ನು ಮೇಲ್ಮುಖವಾಗಿ ಮಾತ್ರ ಕಟ್ಟಬೇಕೆಂದಿಲ್ಲ. ಪಕ್ಕದಲ್ಲಿ ಉಬ್ಬಿರುವ ವಿಶೇಷ ಇಟ್ಟಿಗೆಗಳನ್ನು ಬಳಸಿ ಅಡ್ಡಡ್ಡವಾಗಿಯೂ ಕಟ್ಟಬಹುದು, ಸಂದು ಉಳಿಯದೆ ಕೂರುತ್ತವೆ. ಅನುಭವಿಗಳ ಮಾದರಿಗಳಲ್ಲಿ ಉಬ್ಬುಗಳೇ ಕಾಣದಿರುವುದು ಈ ಉಪಾಯದಿಂದ.

ಒಂಬತ್ತನೇ ತರಗತಿಗೆ ನಾನು ಪ್ರತಿ ವರ್ಷ ಒಂದು ಪ್ರಶ್ನೆ ಕೊಡುತ್ತೇನೆ. ಎರಡು–ನಾಲ್ಕರ, ಅಂದರೆ ಎರಡು ಸಾಲಿನಲ್ಲಿ ನಾಲ್ಕು ನಾಲ್ಕು ಉಬ್ಬಿರುವ, ಒಂದೇ ಬಣ್ಣದ ಎರಡು ಇಟ್ಟಿಗೆಗಳನ್ನು ಎಷ್ಟು ಬಗೆಯಲ್ಲಿ ಕೂಡಿಸಬಹುದು? ಮಕ್ಕಳು ಐದು ಅನ್ನುತ್ತಾರೆ, ಎಂಟು ಅನ್ನುತ್ತಾರೆ. ಕೈಗೆ ಇಟ್ಟಿಗೆ ಕೊಟ್ಟು ಎಣಿಸಲು ಹೇಳುತ್ತೇನೆ. ಎರಡೂ ಒಂದೇ ದಿಕ್ಕಿಗಿದ್ದರೆ 21 ಜಾಗ, ಅಡ್ಡಕ್ಕಿದ್ದರೆ 25 ಜಾಗ, ಒಟ್ಟು 46. ಅದರಲ್ಲಿ ತಿರುಗಿಸಿ ನೋಡಿದಾಗ ಒಂದೇ ಆಗುವುದನ್ನು ತೆಗೆದರೆ 24. ಮೂರು ಇಟ್ಟಿಗೆಯಾದರೆ 1,560. ಆರು ಇಟ್ಟಿಗೆಯಾದರೆ? ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಗಣಿತಜ್ಞ ಸೋರೆನ್ ಐಲರ್ಸ್ ಕಂಪ್ಯೂಟರಿನ ನೆರವಿನಿಂದ ಎಣಿಸಿದ ಉತ್ತರ 91,51,03,765. ತೊಂಬತ್ತೊಂದು ಕೋಟಿಗೂ ಹೆಚ್ಚು! ಬೋರ್ಡಿನ ಮೇಲೆ ಆ ಸಂಖ್ಯೆ ಬರೆದಾಗ ಹಿಂದಿನ ಬೆಂಚಿನವರೂ ಮುಂದಕ್ಕೆ ಬಾಗುತ್ತಾರೆ. ಅಂಗೈಯಲ್ಲಿ ಹಿಡಿಸುವ ಆರು ತುಂಡುಗಳಲ್ಲಿ ಇಷ್ಟು ರೂಪಗಳು ಇವೆ ಎಂಬುದನ್ನು ಅವರ ಮುಖದಲ್ಲಿ ನೋಡುವುದು ನನ್ನ ವೃತ್ತಿಯ ಸುಖಗಳಲ್ಲಿ ಒಂದು.

ಚಿತ್ರ ನೋಡಿ ಕಟ್ಟುವುದು, ಊರು ನೋಡಿ ಕಟ್ಟುವುದು

ಈ ಹವ್ಯಾಸಕ್ಕೆ ಎರಡು ದಾರಿ. ಮೊದಲನೆಯದು ಸೆಟ್. ಡಬ್ಬದ ಮೇಲೊಂದು ಚಿತ್ರ, ಒಳಗೆ ಬೇಕಾದಷ್ಟೇ ಪೀಸು, ಜೊತೆಗೆ ಹಂತ ಹಂತವಾಗಿ ತೋರಿಸುವ ಪುಸ್ತಕ. 2008ರಲ್ಲಿ ಬಂದ ತಾಜ್‌ಮಹಲ್ ಸೆಟ್‌ನಲ್ಲಿ 5,922 ಪೀಸುಗಳಿದ್ದವು. ಪುಸ್ತಕ ನೋಡಿ ಕಟ್ಟುವುದರಲ್ಲೂ ಕಲಿಕೆ ಇದೆ. ಎಲ್ಲಿ ಯಾಕೆ ಜೋಡು ಬರಬೇಕು, ಒಂದು ಸಾಲಿನ ಸಂದಿನ ಮೇಲೆ ಮೇಲಿನ ಸಾಲಿನ ಇಟ್ಟಿಗೆ ಯಾಕೆ ಕೂರಬೇಕು ಎಂಬುದನ್ನು ಕೈ ಕಲಿಯುತ್ತದೆ. ನಮ್ಮ ಗಾರೆ ಕೆಲಸದವರು ಗೋಡೆ ಏರಿಸುವಾಗ ಪಾಲಿಸುವ ನಿಯಮವೂ ಅದೇ.

ಎರಡನೆಯದು ಸ್ವಂತ ಮಾದರಿ. ಹವ್ಯಾಸಿಗಳು ಇದನ್ನು ಮಾಕ್ ಎನ್ನುತ್ತಾರೆ; 'ನನ್ನದೇ ರಚನೆ' ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳು. ಇದಕ್ಕೆ ಪುಸ್ತಕವಿಲ್ಲ. ಏನು ಕಟ್ಟಬೇಕೋ ಅದನ್ನು ನೀವೇ ಹೋಗಿ ನೋಡಬೇಕು. ನನ್ನ ಪಾಲಿಗೆ ಹವ್ಯಾಸದ ಜೀವ ಇರುವುದು ಈ ದಾರಿಯಲ್ಲಿ.

ಲಾಕ್‌ಡೌನಿನಲ್ಲಿ ಮಗನ ಗಾಡಿಗಳನ್ನು ಕಟ್ಟಿ ಮುಗಿದ ಮೇಲೆ ಅವನೇ ಕೇಳಿದ, "ಅಮ್ಮ, ನೀನೇನು ಕಟ್ತೀಯ?" ಯೋಚಿಸಲಿಲ್ಲ, "ನ್ಯೂಟೌನ್ ಮನೆ" ಎಂದೆ. ಲೆಗೊ ಮನುಷ್ಯನ ಎತ್ತರ ಸುಮಾರು 4 ಸೆಂಟಿಮೀಟರ್. ಹಾಗಾಗಿ ನಿಜದ 40ನೇ ಒಂದು ಭಾಗಕ್ಕೆ ಇಳಿಸಿದರೆ ಅವನು ಮನೆಯೊಳಗೆ ನಿಲ್ಲಬಹುದು. ಮನೆಯ ಮುಂಭಾಗ ನನ್ನ ನೆನಪಿನಲ್ಲಿ ಇಪ್ಪತ್ತಡಿ. ನಲವತ್ತರಿಂದ ಭಾಗಿಸಿ, ಎಂಟು ಮಿಲಿಮೀಟರಿನಿಂದ ಭಾಗಿಸಿದರೆ ಹತ್ತೊಂಬತ್ತು ಉಬ್ಬು. ಬಾಗಿಲು ಐದು ಇಟ್ಟಿಗೆ ಎತ್ತರ. ಅಲ್ಲಿಂದ ಮುಂದೆ ನೆನಪು ಕೈಕೊಟ್ಟಿತು. ಕಿಟಕಿ ಬಾಗಿಲಿನ ಎಡಕ್ಕಿತ್ತೋ ಬಲಕ್ಕೋ? ಹೆಂಚಿನ ಮಾಡು ಎಷ್ಟು ಇಳಿಜಾರು? ಹದಿನೆಂಟು ವರ್ಷ ಇದ್ದ ಮನೆಯನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ತಮ್ಮನಿಗೆ ಫೋನ್ ಮಾಡಿದೆ. ಅವನಿಗೊಂದು ನೆನಪು, ನನಗೊಂದು. ಮತ್ತೆ ಅದೇ ಬಾಗಿಲ ಚೌಕಟ್ಟಿನ ಜಗಳ, ಈ ಸಲ ನಗುತ್ತ. ಹಳೆಯ ಆಲ್ಬಮ್ಮಿನಲ್ಲಿ ಅವನ ನಾಮಕರಣದ ಫೋಟೋ ಸಿಕ್ಕಿತು. ಅಮ್ಮನ ಹಿಂದೆ ಕಿಟಕಿ ಕಾಣುತ್ತಿತ್ತು. ಬಾಗಿಲಿನ ಬಲಕ್ಕೆ.

ನಾಲ್ಕು ಹೆಜ್ಜೆಗೆ ಮೂರು ಉಬ್ಬು

ಸಂಚಾರ ಶುರುವಾದ ಮೇಲೆ ಬಸ್ಸು ಹತ್ತಿ ಭದ್ರಾವತಿಗೆ ಹೋಗಿ ಲಕ್ಷ್ಮೀನರಸಿಂಹ ದೇವಸ್ಥಾನದ ಸುತ್ತ ನೋಟ್‌ಬುಕ್ ಹಿಡಿದು ನಡೆದೆ. ಹದಿಮೂರನೇ ಶತಮಾನದ ಹೊಯ್ಸಳರ ಗುಡಿ ಇದು. ತ್ರಿಕೂಟ, ಅಂದರೆ ಮೂರು ಗರ್ಭಗುಡಿಗಳಿಗೆ ಒಂದೇ ನವರಂಗ. ಎತ್ತರದ ಜಗತಿಯ ಮೇಲೆ ನಿಂತಿದೆ. ಚಿಕ್ಕಂದಿನಲ್ಲಿ ಶನಿವಾರಗಳಂದು ಅಮ್ಮನ ಸೆರಗು ಹಿಡಿದು ಎಷ್ಟು ಸಲ ಸುತ್ತಿದ್ದೆನೋ. ಆಗ ಕಂಡದ್ದು ಪ್ರಸಾದದ ಬಟ್ಟಲು ಮಾತ್ರ. ಈಗ ಗೋಡೆ ಕಂಡಿತು. ಹೊಯ್ಸಳರ ಗೋಡೆ ನೇರವಾಗಿ ಓಡುವುದಿಲ್ಲ. ಒಂದಿಷ್ಟು ಮುಂದೆ ಬರುತ್ತದೆ, ಹಿಂದೆ ಸರಿಯುತ್ತದೆ, ಮತ್ತೆ ಮುಂದೆ ಬರುತ್ತದೆ. ಬಿಸಿಲು ಆ ಮಡಿಕೆಗಳಲ್ಲಿ ಬಿದ್ದಾಗ ನೆರಳೇ ಅರ್ಧ ಅಲಂಕಾರ.

ಈ ಮಾದರಿಗೆ ನೂರಕ್ಕೆ ಒಂದು ಅಳತೆ ಇಟ್ಟುಕೊಂಡೆ. ಒಂದು ಉಬ್ಬು ಎಂದರೆ ನೆಲದ ಮೇಲೆ 80 ಸೆಂಟಿಮೀಟರ್. ನನ್ನ ಹೆಜ್ಜೆ 60 ಸೆಂಟಿಮೀಟರ್. ಹಾಗಾಗಿ ನಾಲ್ಕು ಹೆಜ್ಜೆಗೆ ಮೂರು ಉಬ್ಬು. ಪೂಜಾರಿಗಳ ಒಪ್ಪಿಗೆ ಪಡೆದು ಹೆಜ್ಜೆ ಎಣಿಸುತ್ತ ಮೂರು ಸುತ್ತು ಬಂದೆ. ಆ ದಿನದ ಪ್ರದಕ್ಷಿಣೆ ನನಗೆ ಈವರೆಗಿನ ಎಲ್ಲ ಪ್ರದಕ್ಷಿಣೆಗಿಂತ ಭಕ್ತಿಯದ್ದಾಗಿತ್ತು.

ಮನೆಗೆ ಬಂದು ಮೊದಲು ಕಂಪ್ಯೂಟರಿನಲ್ಲಿ ಕಟ್ಟಿದೆ. ಸ್ಟುಡಿಯೊ ಎಂಬ ಉಚಿತ ತಂತ್ರಾಂಶ ಇದೆ. ಪರದೆಯ ಮೇಲೆ ಇಟ್ಟಿಗೆ ಜೋಡಿಸಿ ನೋಡಬಹುದು, ಯಾವ ಪೀಸು ಎಷ್ಟು ಬೇಕೆಂದು ಅದೇ ಪಟ್ಟಿ ಕೊಡುತ್ತದೆ. ಇಂಥ ಕೆಲಸಕ್ಕೆ ದಾರಿ ತೋರಿಸಿದ್ದು ಆಸ್ಟ್ರೇಲಿಯಾದ ಜೇಮ್ಸ್ ಜೆಸ್ಸಿಮನ್ ಎಂಬ ತರುಣ. 1995ರಲ್ಲಿ ಅವರು ಎಲ್‌ಡ್ರಾ ಎಂಬ ತಂತ್ರಾಂಶವನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟರು. ಎರಡು ವರ್ಷದಲ್ಲಿ ತೀರಿಕೊಂಡರು. ಅವರು ಶುರುಮಾಡಿದ ಪೀಸುಗಳ ಸಂಗ್ರಹವನ್ನು ಜಗತ್ತಿನ ಹವ್ಯಾಸಿಗಳು ಇವತ್ತಿಗೂ ಬೆಳೆಸುತ್ತಿದ್ದಾರೆ.

ಗೋಡೆಯ ಮಡಿಕೆಗೆ ಒಂದು ಉಬ್ಬಿನ ಇಟ್ಟಿಗೆಗಳನ್ನು ಹಿಂದೆ ಮುಂದೆ ಇಟ್ಟೆ. ಜಗತಿಗೆ ಗಾಢ ಬೂದು, ಗೋಡೆಗೆ ತಿಳಿ ಬೂದು. ಹೊಯ್ಸಳರ ಗುಡಿಗಳ ಕಂಬಗಳೆಂದರೆ ಚರಕಿಯಲ್ಲಿ ಕಡೆದಂತೆ ನುಣುಪು. ಅದಕ್ಕೆ ದುಂಡನೆಯ ಪುಟ್ಟ ಇಟ್ಟಿಗೆಗಳನ್ನೂ ದುಂಡು ಪ್ಲೇಟ್‌ಗಳನ್ನೂ ಒಂದಾದ ಮೇಲೊಂದು ಏರಿಸಿದೆ. ಮಡಿಕೆ ಮಡಿಕೆಯಾಗಿ ಕಡೆದ ಕಂಬದ ಹಾಗೆಯೇ ಬಂತು. ಶಿಖರದ ಮಟ್ಟಗಳಿಗೆ ಐದು ಪ್ಲೇಟಿನ ಲೆಕ್ಕ ಹಿಡಿದು ಅಡ್ಡ ಕಟ್ಟಿದೆ. ಸುಮಾರು 1,900 ಪೀಸು, ಏಳು ತಿಂಗಳು. ಹೆಚ್ಚಿನ ದಿನ ಅರ್ಧ ಗಂಟೆ ಮಾತ್ರ, ರಾತ್ರಿ ಊಟದ ಪಾತ್ರೆ ತೊಳೆದಿಟ್ಟ ಮೇಲೆ.

ಹೊಳೆ ಬೇರೆಯೇ ಪಾಠ ಕಲಿಸಿತು. ಭದ್ರೆ ಊರಿನ ನಡುವೆ, ಮಾದರಿಯ ತಳಕ್ಕೆ ಹಾಸಿದ ನನ್ನ ಬೇಸ್‌ಪ್ಲೇಟಿನ ಚೌಕಗಳಿಗೆ ಸರಿಯಾಗಿ ಹರಿಯುವುದಿಲ್ಲ. ಸೇತುವೆ ಓರೆಯಾಗಿ ಬರಬೇಕಿತ್ತು. ಉಬ್ಬುಗಳೋ ನೇರ ಸಾಲಿನಲ್ಲಿವೆ. ಆಗ ಕೈಹಿಡಿದದ್ದು ಎಂಟನೇ ತರಗತಿಯಿಂದ ನಾನೇ ಹೇಳಿಕೊಡುತ್ತ ಬಂದ ಮೂರು–ನಾಲ್ಕು–ಐದರ ತ್ರಿಭುಜ. ಒಂದು ಉಬ್ಬಿನಿಂದ ಬಲಕ್ಕೆ ಮೂರು, ಮೇಲಕ್ಕೆ ನಾಲ್ಕು ಎಣಿಸಿ. ಮೊದಲ ಉಬ್ಬಿಗೂ ಅಲ್ಲಿರುವ ಉಬ್ಬಿಗೂ ನಡುವೆ ನೇರ ದೂರ ಸರಿಯಾಗಿ ಐದು. ಆರು ಉಬ್ಬಿನ ಉದ್ದನೆಯ ಪ್ಲೇಟಿನ ಎರಡು ತುದಿಗಳ ನಡುವಿನ ದೂರವೂ ಐದು. ಎರಡೂ ಕಡೆ ಒಂದೊಂದು ದುಂಡು ಪ್ಲೇಟ್ ಇಟ್ಟು, ಅದರ ಮೇಲೆ ಉದ್ದನೆಯ ಪ್ಲೇಟ್ ಒತ್ತಿದರೆ ಓರೆಯಾಗಿಯೇ ಟಿಕ್ ಎಂದು ಕೂರುತ್ತದೆ. ಪೈಥಾಗೊರಸ್ ಪ್ರಮೇಯವನ್ನು ಎರಡು ದಶಕ ಕಲಿಸಿದ ನಾನು ಅದರ ಸದ್ದನ್ನು ಕೇಳಿದ್ದು ಅವತ್ತೇ ಮೊದಲು.

ಗೊಂಬೆ ಮೆಟ್ಟಿಲ ಕೆಳಗೆ

ಪುಟ್ಟ ಲೋಕ ಕಟ್ಟುವುದು ನಮಗೆ ಹೊರಗಿನಿಂದ ಬಂದ ಹವ್ಯಾಸವಲ್ಲ. ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಗಳಲ್ಲಿ ಪಟ್ಟದ ಗೊಂಬೆಯ ಮೆಟ್ಟಿಲುಗಳ ಕೆಳಗೆ ಮಕ್ಕಳು ಪಾರ್ಕು ಮಾಡುವುದಿದೆ. ತಟ್ಟೆಯಲ್ಲಿ ರಾಗಿ ಚೆಲ್ಲಿ ಮೊಳಕೆ ಬರಿಸಿದರೆ ಹಸಿರು ಗದ್ದೆ, ಕನ್ನಡಿಯ ಚೂರು ಇಟ್ಟರೆ ಕೆರೆ. ಆಲೆಮರವನ್ನು ಕಡೆದು ಅರಗಿನ ಬಣ್ಣ ಹಾಕುವ ಚನ್ನಪಟ್ಟಣದ ಕೈಗಳು, ಗಂಧದ ತುಂಡಿನಲ್ಲಿ ಇಡೀ ದೇವಲೋಕ ಬಿಡಿಸುವ ನಮ್ಮ ಸಾಗರ–ಸೊರಬದ ಗುಡಿಗಾರರ ಕೈಗಳು ಈ ನಾಡಿನಲ್ಲಿವೆ. ಅವರದು ಕಲೆ, ತಲೆಮಾರುಗಳ ತಪಸ್ಸು. ನಮ್ಮದು ಸಂಜೆಯ ಹವ್ಯಾಸ. ಆದರೂ ಕಣ್ಣು ಚಿಕ್ಕದು ಮಾಡಿ ಒಂದು ಮಾಡಿನ ಅಂಚನ್ನು ನೋಡುವ ಆ ಗಳಿಗೆ ಇಬ್ಬರಿಗೂ ಒಂದೇ.

ಗುಡಿ ಮುಗಿದ ವರ್ಷದ ದಸರಾಕ್ಕೆ ದೇವಸ್ಥಾನವನ್ನೂ ಮನೆಯನ್ನೂ ರಾಗಿ ಪೈರಿನ ನಡುವೆ ಇಟ್ಟೆ. ಬೀದಿಯ ಮಕ್ಕಳು ಬೊಂಬೆ ಬಾಗಿನದ ಕೋಡುಬಳೆ ಕೈಯಲ್ಲಿ ಹಿಡಿದು ಅದರ ಮುಂದೆಯೇ ಕೂತರು. "ಮಿಸ್, ಇದರ ಬಾಗಿಲು ತೆಗೆಯುತ್ತಾ?" ತೆಗೆಯುತ್ತೆ, ಮುಟ್ಟಿ ನೋಡಿ ಎಂದೆ. ಅಪ್ಪನ ಜೊತೆ ಕೆಲಸ ಮಾಡಿದ್ದ ಹಿರಿಯರೊಬ್ಬರು ಬಂದಿದ್ದರು. ಈಗ ಎಂಬತ್ತು ದಾಟಿದವರು. ಮನೆಯ ಮಾದರಿಯ ಮುಂದೆ ಬಗ್ಗಿ ಬಹಳ ಹೊತ್ತು ನೋಡಿದರು. "ಅಲ್ಲಮ್ಮ, ನಿಮ್ಮ ಮನೆ ನೀರಿನ ತೊಟ್ಟಿ ಹಿತ್ತಲಿನ ಎಡಕ್ಕಲ್ವಾ ಇದ್ದದ್ದು? ನಿಮ್ಮಪ್ಪ ಶಿಫ್ಟ್ ಮುಗಿಸಿ ಬಂದು ಅಲ್ಲೇ ಕಾಲು ತೊಳೀತಿದ್ದ," ಎಂದರು. ಹೌದು, ಎಡಕ್ಕೇ ಇತ್ತು. ಅವರ ಎದುರೇ ತೊಟ್ಟಿಯನ್ನು ಕಿತ್ತು ಎಡಕ್ಕೆ ಇಟ್ಟೆ. ಟಿಕ್. "ಈಗ ಸರಿ," ಎಂದು ಕಣ್ಣೊರೆಸಿಕೊಂಡರು.

ಕೊಳ್ಳುವ ಮೊದಲು

ಕೊಳ್ಳಬೇಕೆನ್ನುವವರಿಗೆ ನಾಲ್ಕು ಮಾತು. ಮೂಲ ಕಂಪನಿಯ ಸೆಟ್‌ಗಳು ನಮ್ಮಲ್ಲಿ ದುಬಾರಿ. ಆಟಿಕೆಗಳ ಆಮದು ಸುಂಕವನ್ನು ಸರಕಾರ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿತು. ಮೂಲ ಪೇಟೆಂಟಿನ ಅವಧಿ ಎಂದೋ ಮುಗಿದಿದೆ. ಇಟ್ಟಿಗೆಯ ಆಕಾರವನ್ನೇ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಆಗದು ಎಂದು ಯುರೋಪಿನ ಅತ್ಯುನ್ನತ ನ್ಯಾಯಾಲಯವೂ 2010ರಲ್ಲಿ ಹೇಳಿದೆ. ಹಾಗಾಗಿ ಅದೇ ಅಳತೆಯ, ಒಂದಕ್ಕೊಂದು ಹೊಂದುವ ಇಟ್ಟಿಗೆಗಳನ್ನು ಬೇರೆ ಕಂಪನಿಗಳು ಮಾಡುವುದು ನ್ಯಾಯವೇ. ಕೆಲವು ಚೆನ್ನಾಗಿಯೂ ಇವೆ.

ಆದರೆ ಅಗ್ಗವೆಂದು ಕಣ್ಣುಮುಚ್ಚಿ ಕೊಳ್ಳಬೇಡಿ. ಒಮ್ಮೆ ಆನ್‌ಲೈನಿನಲ್ಲಿ ಹೆಸರೇ ಇಲ್ಲದ ಡಬ್ಬವೊಂದನ್ನು ತರಿಸಿದೆ. ಕಟ್ಟಿದ ಗೋಡೆ ಮರುದಿನ ಬೆಳಿಗ್ಗೆ ಬಾಯಿ ಬಿಟ್ಟಿತ್ತು. ಶಾಲೆಯ ಪ್ರಯೋಗಾಲಯದಿಂದ ವರ್ನಿಯರ್ ಕ್ಯಾಲಿಪರ್ಸ್ ತಂದು ಅಳೆದೆ. ಎರಡು–ನಾಲ್ಕರ ಒಳ್ಳೆಯ ಇಟ್ಟಿಗೆಯ ಉದ್ದ 31.8 ಮಿಲಿಮೀಟರ್, ಪಕ್ಕದ ಇಟ್ಟಿಗೆಗೆ ಜಾಗವಿರಲೆಂದು 32ಕ್ಕಿಂತ ಕೂದಲೆಳೆ ಕಡಿಮೆ ಇಟ್ಟಿರುತ್ತಾರೆ. ಈ ಡಬ್ಬದಲ್ಲಿ ಒಂದು 31.6, ಇನ್ನೊಂದು 32.1. ಒಂದು ಇಟ್ಟಿಗೆಯಲ್ಲಿ ಕಾಣದ ತಪ್ಪು ಹತ್ತು ಇಟ್ಟಿಗೆಯ ಸಾಲಿನಲ್ಲಿ ಗೋಡೆಯನ್ನೇ ಒಡೆಯುತ್ತದೆ. ಕುಗ್ಗುವ ಲೆಕ್ಕ ತಪ್ಪಿದ ಎರಕದ ಬಗ್ಗೆ ಅಪ್ಪ ಹೇಳುತ್ತಿದ್ದದ್ದೂ ಇದನ್ನೇ.

2021ರ ಜನವರಿ 1ರಿಂದ ನಮ್ಮ ದೇಶದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಡಬ್ಬದ ಮೇಲೆ ಅದನ್ನು ನೋಡಿ. ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಸಣ್ಣ ಪೀಸು ಗಂಟಲಿಗೆ ಸಿಕ್ಕುವ ಅಪಾಯವಿದೆ. ಅಂಥವರಿಗೆಂದೇ ಉದ್ದ, ಅಗಲ, ಎತ್ತರ ಮೂರೂ ಎರಡರಷ್ಟಿರುವ ಡ್ಯುಪ್ಲೊ ಇಟ್ಟಿಗೆಗಳಿವೆ. ಅವು ಕೂಡ ಸಣ್ಣ ಇಟ್ಟಿಗೆಗಳೊಡನೆ ಕೂಡಿಕೊಳ್ಳುತ್ತವೆ.

ಶುರುಮಾಡುವವರು ದೊಡ್ಡ ಸೆಟ್ ಕೊಳ್ಳಬೇಕಿಲ್ಲ. ಎಲ್ಲ ಬಣ್ಣದ ಬಿಡಿ ಇಟ್ಟಿಗೆಗಳಿರುವ ಒಂದು ಡಬ್ಬ, ಒಂದು ಬೇಸ್‌ಪ್ಲೇಟ್ ಸಾಕು. ನೆಂಟರಿಷ್ಟರ ಮನೆಯಲ್ಲಿ ಮಕ್ಕಳು ದೊಡ್ಡವರಾಗಿ ಮೂಲೆ ಸೇರಿದ ಡಬ್ಬಗಳನ್ನು ಕೇಳಿ ಪಡೆಯಿರಿ. ನನ್ನ ಗುಡಿಯ ಬೂದು ಇಟ್ಟಿಗೆಗಳಲ್ಲಿ ಅರ್ಧದಷ್ಟು ಬಂದದ್ದು ಹೀಗೆ. ಹಳೆಯ ಇಟ್ಟಿಗೆಗಳನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಸೋಪು ಹಾಕಿ ತೊಳೆಯಿರಿ; 40 ಡಿಗ್ರಿಗಿಂತ ಬಿಸಿ ಬೇಡ, ಆಕಾರ ಕೆಡುತ್ತದೆ. ನೆರಳಿನಲ್ಲಿ ಬಟ್ಟೆಯ ಮೇಲೆ ಹರವಿ ಪೂರ್ತಿ ಒಣಗಿಸಿ. ಮಲೆನಾಡಿನ ಆಷಾಢದಲ್ಲಿ ಇದಕ್ಕೆ ಎರಡು ಮೂರು ದಿನ ಹಿಡಿಯುತ್ತದೆ. ಕೊಳವೆಯೊಳಗೆ ನೀರು ಉಳಿದರೆ ಡಬ್ಬವೆಲ್ಲ ಮುಗ್ಗಲು ವಾಸನೆ. ಕಟ್ಟಿದ ಮಾದರಿಯನ್ನು ಕಿಟಕಿಯ ಬಿಸಿಲಿಗೆ ಇಡಬೇಡಿ, ಬಿಳಿಯೂ ಬೂದುಬಣ್ಣವೂ ಹಳದಿಗೆ ತಿರುಗುತ್ತವೆ. ಧೂಳಿಗೆ ಮೆತ್ತನೆಯ ಬಣ್ಣದ ಕುಂಚ ಸಾಕು.

ಅಂಟು ಹಾಕಬೇಡಿ

ಗುಡಿ ಕಟ್ಟಿ ಮುಗಿಸಿದಾಗ ಹಲವರು ಸಲಹೆ ಕೊಟ್ಟರು: ಅಂಟು ಹಾಕಿ ಗಾಜಿನ ಪೆಟ್ಟಿಗೆಯಲ್ಲಿಡಿ, ಶಾಶ್ವತವಾಗಿ ಉಳಿಯುತ್ತೆ ಎಂದು. ನಾನು ಒಪ್ಪಲಿಲ್ಲ. ಅಂಟು ಹಾಕಿದ್ದರೆ ಆ ಹಿರಿಯರು ಹೇಳಿದಾಗ ನೀರಿನ ತೊಟ್ಟಿ ಎಡಕ್ಕೆ ಬರುತ್ತಿರಲಿಲ್ಲ. ತಪ್ಪು ನೆನಪೇ ಶಾಶ್ವತವಾಗುತ್ತಿತ್ತು. ಅಂಟಿಲ್ಲದೆ ಬಿಗಿಯಾಗಿ ನಿಲ್ಲುವುದು, ಬೇಕೆಂದಾಗ ನೋಯದೆ ಬಿಟ್ಟುಕೊಳ್ಳುವುದು, ಇವೆರಡಕ್ಕಾಗಿಯೇ ಅಲ್ಲವೇ ಆ ಬಡಗಿಯ ಮಗ ಟೊಳ್ಳಿನೊಳಗೆ ಕೊಳವೆ ಇಟ್ಟದ್ದು?

ನಿಮ್ಮ ಅಟ್ಟದ ಮೇಲೂ ಇಂಥದೊಂದು ಡಬ್ಬ ಇರಬಹುದು. ಇದ್ದರೆ ಈ ಭಾನುವಾರ ಕೆಳಗಿಳಿಸಿ. ಡಬ್ಬದ ಮೇಲಿನ ಚಿತ್ರವನ್ನು ಪಕ್ಕಕ್ಕಿಟ್ಟು, ನೀವು ಹುಟ್ಟಿದ ಮನೆಯನ್ನು ಕಟ್ಟಲು ಕೂರಿ. ಕಿಟಕಿ ಎಡಕ್ಕೋ ಬಲಕ್ಕೋ ನೆನಪಾಗದಿದ್ದರೆ ತಮ್ಮನಿಗೋ ಅಕ್ಕನಿಗೋ ಫೋನ್ ಮಾಡಿ. ಆ ಮನೆಯನ್ನು ಬಲ್ಲ ಹಿರಿಯರು ಇನ್ನೂ ಇದ್ದರೆ ಅವರನ್ನು ಕರೆದು ತೋರಿಸಿ, ಅವರು ತಿದ್ದಿದ ಹಾಗೆ ತಿದ್ದಿ. ಇದನ್ನು ತಡಮಾಡಬೇಡಿ. ಇಟ್ಟಿಗೆಗಳು ಎಷ್ಟು ವರ್ಷ ಬೇಕಾದರೂ ಕಾಯುತ್ತವೆ, ಮನೆಯ ಅಳತೆ ಬಲ್ಲವರು ಕಾಯುವುದಿಲ್ಲ.